ಒಂದು ವಾಲ್ ಸಿಕ್ಕರೆ

ಭೂಪಾಲನ ಪಿಕಪ್ಪು ಬೇರೆ ಯಾವ ದಿನ ಕೆಮ್ಮಿದ್ದರೂ ನಡೆಯುತ್ತಿತ್ತು. ಅವನು ಹೆಣ್ಣು ನೋಡಲು ಗಡಹಿಂಗ್ಲಜಕ್ಕೆ ಹೊರಟ ದಿನವೇ ಕೆಮ್ಮಿತು. ಕೆಮ್ಮಿ, ಕರಿ ಹೊಗೆ ಉಗುಳಿ, ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಅವನ ಮನೆಯ ಮುಂದೆಯೇ ನಿಂತುಬಿಟ್ಟಿತು.

ಆ ಪಿಕಪ್ಪಿನ ಮೇಲೆಯೇ ಸಂಬಂಧವೂ ನಿಂತಿತ್ತು. ಭೂಪಾಲನಿಗೆ ಮೂವತ್ತೆರಡು ತುಂಬಿತ್ತು; ಆಗಲೇ ಮೂರು ಕಡೆ ಹೆಣ್ಣು ಕೈತಪ್ಪಿತ್ತು. ನಾಲ್ಕನೆಯವರಾದ, ಗಡಹಿಂಗ್ಲಜದಲ್ಲಿ ಬಂಗಾರದ ಅಂಗಡಿ ಇಟ್ಟಿದ್ದ ಸರಾಫ ಬಾಪೂಸಾಹೇಬರು ಮಾತ್ರ ಹುಡುಗನಿಗೆ ಸ್ವಂತ ಮೋಟಾರಿದೆ ಎಂಬುದಕ್ಕೆ ಮನಸೋತಿದ್ದರು. ಹಿರಿಯರ ಮಾತೆಲ್ಲ ಮುಗಿದು, ಹುಡುಗ ಹೋಗಿ ಮುಖ ತೋರಿಸುವುದಷ್ಟೇ ಉಳಿದಿತ್ತು. "ಹೊತ್ತು ಮುಳುಗೂದರೊಳಗ ಬರ್ರಿ, ಆಮ್ಯಾಲ ನಮ್ಮಲ್ಲಿ ಯಾರೂ ಬಾಯಾಗ ಏನೂ ಹಾಕೂದಿಲ್ಲ" ಎಂದು ಹೇಳಿ ಕಳಿಸಿದ್ದರು. ಇಬ್ಬರದೂ ಜೈನರ ಮನೆ. ಕತ್ತಲಾದರೆ ಉಪ್ಪಿಟ್ಟೂ ಇಲ್ಲ, ಹೆಣ್ಣೂ ಇಲ್ಲ.

ಮಿಸ್ತ್ರಿ ಗುರುಸಿದ್ದ ಎಂಜಿನ್ನಿನ ತಲೆ ಬಿಚ್ಚಿ, ಒಳಗೆ ಇಣುಕಿ, ಲೊಚಗುಟ್ಟಿದ.

"ಒಂದ್ ವಾಲ್ ಸುಟ್ಟೈತಿ, ಭೂಪಾಲಣ್ಣಾ. ಹೊಗಿ ಹೊರಗ ಬಿಡೂ ವಾಲ್. ಅಂಚು ನೋಡು, ಇಲಿ ತಿಂದ ಹಪ್ಪಳ ಆಗೈತಿ."

"ಬ್ಯಾರೇದ ಹಾಕು ಮತ್ತ."

"ಲಡಾಯಿ ನಡದೈತಿ. ಹೊಸಾದು ಹಡಗಿನ್ಯಾಗ ಬರಬೇಕು, ಹಡಗ ಸಮುದ್ರದ ತಳದಾಗ ಐತಿ. ನನ್ನ ಕಡೆ ಹಳೇ ಲಾರೀದೊಂದು ಬಿದ್ದೈತಿ, ದೊಡ್ಡದು. ಕಾರಖಾನಿ ಲೇಥಿನ ಮ್ಯಾಲ ಸಣ್ಣದ ಮಾಡಿಸಿ ನೋಡೂಣು, ಹೊಂದಿದ್ರ ಹೊಂದೀತು."

ಅಷ್ಟರಲ್ಲಿ ಗಡಹಿಂಗ್ಲಜಕ್ಕೆ ಜನರನ್ನು ಒಯ್ಯುವ ಸರ್ವಿಸ್ ಮೋಟಾರು ಓಣಿಯ ಬಾಯಿಗೆ ಬಂದು ಹಾರ್ನ್ ಹೊಡೆಯಿತು. ಅದರ ಡ್ರೈವರ್ ಪಾರೀಸ ಭೂಪಾಲನ ಜೊತೆ ಬಸದಿಯ ಅಂಗಳದಲ್ಲಿ ಗೋಲಿ ಆಡಿದವನು. ಹತ್ತು ವರ್ಷದಿಂದ ಅದೇ ದಾರಿ, ಅವನಿಗೂ ಇನ್ನೂ ಲಗ್ನವಾಗಿರಲಿಲ್ಲ. ಭೂಪಾಲ ಓಡಿಹೋಗಿ ಕಿಟಕಿಗೆ ಜೋತುಬಿದ್ದ.

"ಪಾರೀಸ, ಬಾಪೂಸಾಹೇಬ್ರಿಗೆ ಹೇಳೋ. ಒಂದ್ ವಾಲ್ ಸಿಕ್ಕರ ಹೊರಡತೇನಿ, ಅದು ಸಿಗೂತನಕಾ ಹಂದಾಂಗಿಲ್ಲ ಅಂತ."

"ಹಿಂಗ ಹೇಳ್ಲೇನು?"

"ಹಿಂಗ ಹೇಳು. ಒಂದ ಅಕ್ಷರ ಆಚೀಚಿ ಮಾಡಬ್ಯಾಡ."

ಪಾರೀಸ ಒಂದು ಗಳಿಗೆ ಏನೋ ಯೋಚಿಸಿ, ತಲೆಯಾಡಿಸಿ ಗಾಡಿ ಬಿಟ್ಟ.

ಇತ್ತ ಪಕ್ಕದ ಮನೆಯ ಮುಕ್ತಾಬಾಯಿಯ ಕಿವಿಗೆ 'ವಾಲ್ ಸುಟ್ಟೈತಿ' ಎಂಬಷ್ಟು ಬಿದ್ದಿತ್ತು. ಮಿಸ್ತ್ರಿ ಹೇಳಿದ್ದು ಎಂಜಿನ್ನಿನ ವಾಲ್ವು; ಮರಾಠಿ ಬೆರೆತ ಆ ಊರಿನ ನಾಲಿಗೆಗೆ ವಾಲ ಎಂದರೆ ಅವರೆಕಾಳು. ಒಂಟಿ ಹುಡುಗ, ಹೆಣ್ಣು ನೋಡುವ ದಿನವೇ ಪಲ್ಯ ಸೀಯಿಸಿಕೊಂಡು ಉಪವಾಸ ಹೊರಟಿದ್ದಾನೆಂದು ಅವಳ ಕರುಳು ಚುರ್ರೆಂದಿತು. ಅವಳ ಕರುಳು ಚುರ್ರೆಂದರೆ ಅರ್ಧ ತಾಸಿನಲ್ಲಿ ಇಡೀ ಓಣಿಯದೂ ಚುರ್ರೆನ್ನುವುದು ವಾಡಿಕೆ.

ಗುರುಸಿದ್ದ ಲೇಥಿನಿಂದ ಮರಳಿ, ಹೊಸ ವಾಲಿಗೆ ಉಜ್ಜುವ ಮಸಾಲೆ ಹಚ್ಚಿ, ಅದು ಕೂರುವ ಕುಳಿಯಲ್ಲಿಟ್ಟು, ಎರಡೂ ಅಂಗೈ ನಡುವೆ ಮಜ್ಜಿಗೆ ಕಡೆದಂತೆ ತಿರುವುತ್ತ ಕೂತಿದ್ದ. ಎಂಟರಲ್ಲಿ ಉಳಿದ ಏಳು ವಾಲುಗಳನ್ನು ಭೂಪಾಲ ಮಸಿ ಕೆರೆದು ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ. "ಸಾಲು ತಪ್ಪಬಾರದು. ಒಂದರ ಮನೀಗೆ ಇನ್ನೊಂದು ಹೊಂದಾಂಗಿಲ್ಲ" ಎಂದು ಮಿಸ್ತ್ರಿ ಎರಡು ಸಲ ಹೇಳಿದ್ದ.

ಮುಕ್ತಾಬಾಯಿ ಮುಚ್ಚಿದ ಬೋಗುಣಿ ಹಿಡಿದು ಬಂದಳು.

"ಸುಟ್ಟದ್ದರ ಚಿಂತಿ ಬಿಡೋ ಭೂಪಾಲ. ನಾ ವಾಲ ತಂದೇನಿ."

ಸರಿಯಾದ ಅಳತೆಯದೇ ಸಿಕ್ಕಿತೆಂದು ಭೂಪಾಲನ ಕಣ್ಣರಳಿತು. "ಎಲ್ಲಿ ಸಿಕ್ಕಿತು, ಮಾವಶಿ?"

"ಸಿಗೂದೇನು, ಮನ್ಯಾಗ ಗಡಿಗಿ ತುಂಬ ಅದಾವ."

"ಗಡಿಗಿ ತುಂಬ?"

"ಬೇಕಂದ್ರ ಹುರದೂ ಕೊಡತೇನಿ."

ಲಡಾಯಿಯ ಕಾಲದಲ್ಲಿ ಗಡಿಗೆ ತುಂಬ ವಾಲ್ ಇಟ್ಟುಕೊಂಡು, ಅದನ್ನು ಹುರಿದೂ ಕೊಡುವ ಹೆಂಗಸು. ಭೂಪಾಲನಿಗೆ ತಲೆ ಬುಡ ತಿಳಿಯಲಿಲ್ಲ. ಅವನು ಬಾಯಿ ತೆರೆಯುವುದರೊಳಗೆ ಅವಳು ಹಲಗೆಯ ಮೇಲಿನ ಏಳು ಕಬ್ಬಿಣವನ್ನೂ ಒಂದು ಮೂಲೆಗೆ ಗುಡ್ಡೆ ಹಾಕಿ ಬೋಗುಣಿಗೆ ಜಾಗ ಮಾಡಿದಳು. ಹಿಂದೆಯೇ ಇನ್ನೂ ನಾಲ್ಕು ಮನೆಗಳಿಂದ ನಾಲ್ಕು ಬೋಗುಣಿ ಬಂದವು; ಒಂದರ ಮುಚ್ಚಳ ತೆಗೆಯುವ ಪುರಸೊತ್ತೂ ಭೂಪಾಲನಿಗಿರಲಿಲ್ಲ. ಯಾವ ವಾಲ್ ಯಾವ ಮನೆಯದೆಂದು ಗುರುಸಿದ್ದ ಒಂದೊಂದನ್ನೇ ಇಟ್ಟು ನೋಡಿ, ತಿರುವಿ, ಬೈದು ಮುಗಿಸುವಾಗ ಮಧ್ಯಾಹ್ನ ಎರಡಾಗಿತ್ತು.

ಆದರೆ ಕೆಲಸ ಕೆಲಸವೇ. ಹ್ಯಾಂಡಲ್ ತಿರುಗಿಸಿದ್ದೇ ತಡ, ಗಾಡಿ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ತಡವಾದದ್ದಕ್ಕೆ ಸಾಕ್ಷಿ ಇರಲೆಂದು ಭೂಪಾಲ ಸುಟ್ಟ ವಾಲನ್ನು ಗೂಟಕ್ಕೆ ನೇತುಹಾಕಿದ್ದ ಹೊಸ ಕೋಟಿನ ಕಿಸೆಗೆ ಹಾಕಿ ಮುಖ ತೊಳೆಯಲು ಹೋದ. ಅವನು ಕೋಟು ತೊಟ್ಟು ಹೊರಬಂದಾಗ ಮುಕ್ತಾಬಾಯಿ ನೆನಪಿಸಿದಳು.

"ಕಿಸೇದಾಗ ವಾಲ ಅದಾವ, ಮರೀಬ್ಯಾಡ."

"ಗೊತ್ತೈತಿ, ಮಾವಶಿ."

ದಾರಿಯುದ್ದಕ್ಕೂ ಹೊತ್ತನ್ನೇ ನೋಡುತ್ತ ಓಡಿಸಿದ. ಗಡಹಿಂಗ್ಲಜ ಮುಟ್ಟಿದಾಗ ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ಬಾಪೂಸಾಹೇಬರು ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಪಾರೀಸ ಉಪ್ಪಿಟ್ಟು ತಿನ್ನುತ್ತಿದ್ದ.

"ವಾಲ ಸಿಕ್ಕಿತೇನ್ರಿ?" ಎಂದರು ಬಾಪೂಸಾಹೇಬರು.

"ಸಿಕ್ಕಿತ್ರಿ. ಭಾಳ ತ್ರಾಸ ಆತು. ನಮ್ಮ ಮಿಸ್ತ್ರಿ ಕೊಟ್ಟ."

"ಮಾವ ಕೊಡಲಿಲ್ಲಂತ ಮಿಸ್ತ್ರಿ ಕಡೆ ಇಸಗೊಂಡ್ರಿ. ತಗೋರಿ, ನಂದೂ ತಗೋರಿ." ಅವರು ಕಾಳಿನಷ್ಟು ಸಣ್ಣ ಕಾಗದದ ಪೊಟ್ಟಣವನ್ನು ಮುಂದೆ ಚಾಚಿದರು. ಬಂಗಾರದ ಒಂದು ಚೂರು. ಸರಾಫರ ತಕ್ಕಡಿಯಲ್ಲಿ ವಾಲ ಎಂದರೆ ತೂಕ: ಮೂರು ಗುಲಗಂಜಿಯಷ್ಟು. "ಹತ್ತ ತೊಲಿ ಕೇಳಿದ್ರ ಸಿಟ್ಟಾದ್ರೂ ಬರತಿತ್ತು. ಒಂದ ವಾಲ ಬಂಗಾರಕ್ಕ ಹಂದಾಂಗಿಲ್ಲ ಅಂದಾವ, ನಾಳಿ ನನ್ನ ಮಗಳಿಗೆ ಉಪ್ಪೂ ತೂಗಿ ಕೊಡತಾನ."

ಭೂಪಾಲ ಎರಡೂ ಕೈ ಆಡಿಸಿದ. "ಬಂಗಾರಲ್ರೀ. ವಾಲ್ ಅಂದ್ರ ಇದು." ಕಿಸೆಯಲ್ಲಿ ಕೈ ಹಾಕಿ ಹಿಡಿ ತುಂಬ ತೆಗೆದು ತೋರಿಸಿದ.

ಅಂಗೈ ತುಂಬ ಹುರಿದ ಅವರೆಕಾಳು. ಹೊಸ ಕೋಟು ಮಸಿಯಾದೀತೆಂದು ಮುಕ್ತಾಬಾಯಿ ಆ ಕಬ್ಬಿಣ ತೆಗೆದಿಟ್ಟು, ದಾರಿಯಲ್ಲಿ ತಿನ್ನಲೆಂದು ಇದನ್ನು ತುಂಬಿದ್ದಳು.

ಬಾಪೂಸಾಹೇಬರು ಕಾಳನ್ನೂ ಅವನನ್ನೂ ನೋಡಿ ಸ್ವಲ್ಪ ಹಿಂದೆ ಸರಿದು ಕೂತರು.

"ಗಾಡೀ ಒಳಗಿನ ವಾಲ್ ಕೆಟ್ಟಿತ್ರಿ," ಎಂದ ಭೂಪಾಲ ಅಳುಮುಖ ಮಾಡಿ. "ಬರ್ರಿ, ನೋಡಬರ್ರಿ."

ಬಾಪೂಸಾಹೇಬರು ಬಂದು ನಿಂತು ಕಿವಿಗೊಟ್ಟರು. ಗಾಡಿ ಗುರುಗುಟ್ಟುತ್ತಿತ್ತು; ಒಂದು ಕೆಮ್ಮಿಲ್ಲ, ಹೊಗೆಯಿಲ್ಲ.

"ಇಷ್ಟ ಛಂದ ನಡ್ಯಾಕತ್ತೈತಿ, ಕೆಟ್ಟಿತ್ತಂತೀರಿ. ಸುಳ್ಳೂ ಹೇಳತೀರಿ," ಎಂದರು. "ಸುದ್ದಿ ತಂದ ಪಾರೀಸಗ, ನೀ ಲಗ್ನ ಆಗೂದಾದ್ರ ಏನ್ ಬೇಕಪಾ ಅಂತ ಕೇಳಿದೆ. ಒಂದ ಗುಲಗಂಜೀನೂ ಬ್ಯಾಡ ಅಂದ. ಮೋಟಾರ ಮಾಲಕಂದು ಇದ್ರೇನಾತು, ಮನಸ್ಸು ಸ್ವಂತದ್ದೈತಿ. ಮಗಳು ಕಾಂಚನಾನ್ನ ಅವಗ ಕೊಡೂದಂತ ಮಾತಾತು."

ಪಾರೀಸ ಕೈ ತೊಳೆದುಕೊಂಡು ಹೊರಗೆ ಬಂದ. ಹತ್ತು ವರ್ಷ ಮೋಟಾರು ಓಡಿಸಿದವನಿಗೆ ವಾಲ್ ಎಂದರೇನೆಂದು ಗೊತ್ತಿರಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ.

"ನಾ ಒಂದ ಅಕ್ಷರಾನೂ ಆಚೀಚಿ ಮಾಡ್ಲಿಲ್ಲೋ, ಭೂಪಾಲ," ಎಂದ. "ಇನ್ನೊಂದು ಮಾತು. ದಿಬ್ಬಣಕ್ಕ ನಿನ್ನ ಗಾಡೀನ ಆಗಬೇಕು. ಈಗ ಛಲೋ ಓಡತೈತಿ."

ಭೂಪಾಲ ಗಾಡಿ ಹತ್ತಿ ಬಂದ ದಾರಿಗೆ ತಿರುಗಿಸಿಕೊಂಡ. ಊರ ಹೊರಗೆ ಬಂದ ಮೇಲೆ ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ನೆನಪಾಯಿತು. ಗಾಡಿ ನಿಲ್ಲಿಸಿ ಕಿಸೆಗೆ ಕೈ ಹಾಕಿ, ಒಂದು ಹಿಡಿ ವಾಲ ಬಾಯಿಯವರೆಗೆ ಒಯ್ದ. ಎದುರಿಗೆ ನೋಡಿದರೆ ಹೊತ್ತು ಮುಳುಗಿತ್ತು.

ಅವನು ಕಾಳನ್ನು ಮತ್ತೆ ಕಿಸೆಗೆ ಸುರಿದುಕೊಂಡು ಗಾಡಿ ಬಿಟ್ಟ.