ಕಾಲರಿಗಾಗಿ ಕಾದ ಮುಹೂರ್ತ

ಚಿಕ್ಕಂದಿನಲ್ಲಿ ನಾನು ಕೇಳಿದ ಕಥೆಯ ಪ್ರಕಾರ, ಕಲ್ಲುಗುಂಡಿಯಲ್ಲಿ ದರ್ಜಿಯಾಗಿದ್ದ ನನ್ನ ಅಜ್ಜ ಒಬ್ಬ ಮದುಮಗನ ಅಂಗಿಯ ಕಾಲರ್ ನೂಲೆಳೆಯಷ್ಟು ಓರೆಯಾಯಿತೆಂದು ಇಡೀ ಅಂಗಿಯನ್ನೇ ಬಿಚ್ಚಿ ಮತ್ತೆ ಹೊಲಿದರಂತೆ. ಅಷ್ಟು ಹೊತ್ತು ಮುಹೂರ್ತವೇ ಕಾದಿತ್ತಂತೆ. ಊಟಕ್ಕೂ ಕಾಯದ ನಮ್ಮೂರಿನ ನೆಂಟರು ಒಂದು ಕಾಲರಿಗೆ ಕಾದರೆಂಬುದರಲ್ಲಿ ನನಗೆ ಆಗಲೇ ಅನುಮಾನವಿತ್ತು. ಆದರೂ ಬಿ.ಎಸ್ಸಿ. ಮುಗಿಸಿ ಪುತ್ತೂರಿನ ದರ್ಬೆಯಲ್ಲಿ ಹೊಲಿಗೆ ಅಂಗಡಿ ತೆರೆದಾಗ, ನಂಬದ ಆ ಕಥೆಯನ್ನೇ ಪಾಲಿಸತೊಡಗಿದೆ. ಹಾಗಾಗಿ ನನ್ನ ಅಂಗಡಿಯಲ್ಲಿ ಹೊಲಿದ ಪ್ರಸಂಗಗಳಿಗಿಂತ ಬಿಚ್ಚಿದ ಪ್ರಸಂಗಗಳೇ ಹೆಚ್ಚು.

೧. ನೂಲಿನ ಬಣ್ಣ

ಒಬ್ಬರು ಟೀಚರು ಸೀರೆಗೆ ಫಾಲ್ಸ್ ಹಚ್ಚಲು ಕೊಟ್ಟಿದ್ದರು. ಹಚ್ಚಿ ಮುಗಿಸಿದ ಮೇಲೆ, ನೂಲಿನ ಬಣ್ಣ ಸೀರೆಗಿಂತ ತುಸು ತಿಳಿಯಾಗಿದೆಯೆಂದು ತೋರಿತು. ಎಲ್ಲವನ್ನೂ ಬಿಚ್ಚಿದೆ. ಸರಿಯಾದ ನೂಲಿಗಾಗಿ ಪುತ್ತೂರಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಅಷ್ಟರಲ್ಲಿ ಅವರ ಶಾಲೆಯ ವಾರ್ಷಿಕೋತ್ಸವವೇ ಮುಗಿದುಹೋಯಿತು.

"ಫಾಲ್ಸ್ ಕಾಲಿನ ಹತ್ತಿರ, ಅದೂ ಒಳಗಡೆ ಇರುದಲ್ವಾ ಮಾರಾಯ್ತಿ?" ಎಂದರು ಟೀಚರು.

"ಆದರೂ ನೂಲು ಬೇರೆ ಬಣ್ಣ ಕಾಣ್ತಿತ್ತು."

"ಯಾರಿಗೆ, ನೆಲಕ್ಕಾ?"

೨. ಬೀಳದ ಪೆನ್ನು

ಹಾಗೆಂದು ಬಿಚ್ಚಿದ್ದೆಲ್ಲ ವ್ಯರ್ಥವಲ್ಲ. ಬಗ್ಗಿದಾಗಲೆಲ್ಲ ಸಮವಸ್ತ್ರದ ಕಿಸೆಯಿಂದ ಪೆನ್ನು ಜಾರಿ ರೋಗಿಯ ಮೇಲೆ ಬೀಳುತ್ತದೆಂದು ಕಡಬದ ಒಬ್ಬರು ನರ್ಸ್ ದೂರಿದ್ದರು. ಆ ಕಿಸೆಯನ್ನು ಮೂರು ಸಲ ಬಿಚ್ಚಿ ಹೊಲಿದೆ. ಪ್ರತಿ ಸಲವೂ ನಾನೇ ತೊಟ್ಟು, ಬಗ್ಗಿ ನೋಡಿದೆ. ವಾರ ಕಳೆದು ಅವರು ಬಂದರು.

"ಪೆನ್ನು ಈಗ ಬೀಳುದೇ ಇಲ್ಲ ಅಕ್ಕ."

ನಾನು ಹಿಗ್ಗಿದೆ.

"ಹೊರಗೆ ಬರುದೂ ಇಲ್ಲ. ಬರೀಲಿಕ್ಕೆ ಬೇರೆ ಪೆನ್ನು ಇಟ್ಕೊಂಡಿದ್ದೇನೆ."

ನಾಲ್ಕನೆಯ ಸಲ ಬಿಚ್ಚಿದ್ದು ಸಾರ್ಥಕವಾಯಿತು. ಈಗ ಅವರ ಜೊತೆಯ ನರ್ಸ್‌ಗಳೆಲ್ಲ ಅಂಥದೇ ಕಿಸೆ ಬೇಕೆಂದು ಬರುತ್ತಾರೆ.

೩. ಬುತ್ತಿಯೊಳಗಿನ ಕೊಕ್ಕೆ

ಈ ವರ್ಷ ಕೊಯಿಲದ ಒಬ್ಬ ಮದುಮಗಳ ರವಿಕೆ ಬಂತು. ಧಾರೆ ಸೀರೆಯದೇ ತುಂಡು; ಕೆಟ್ಟರೆ ಬೇರೆ ಬಟ್ಟೆ ಇರಲಿಲ್ಲ. ಬೆನ್ನಿನ ಹೊಲಿಗೆ ಮನಸ್ಸಿಗೆ ಒಪ್ಪದೆ ಎರಡು ಸಲ ಬಿಚ್ಚಿದೆ. ಮದುವೆಯ ಹಿಂದಿನ ದಿನ ಮೂರನೆಯ ಸಲ ಕೈ ಹಾಕಿದಾಗ, ನನ್ನ ಜೊತೆ ಕೆಲಸ ಮಾಡುವ ಅಕ್ಕ ತಡೆದರು.

"ಇನ್ನು ಬಿಚ್ಚಿದರೆ ಸೂಜಿಯ ತೂತು ಮಾತ್ರ ಉಳಿಯುದು. ನಾಳೆ ಆ ಹುಡುಗಿ ಎಂತ ಹಾಕುದು?"

ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಕಸಿದು ತಮ್ಮ ಬುತ್ತಿಯೊಳಗೆ ಹಾಕಿ ಮುಚ್ಚಿದರು. ಮಧ್ಯಾಹ್ನ ಬುತ್ತಿ ತೆರೆಯಲೇಬೇಕಲ್ಲ ಎಂದು ನಾನು ತಾಳ್ಮೆಯಿಂದ ಕಾದೆ.

ಅವರು ಆ ದಿನ ಉಪವಾಸ ಮಾಡಿದರು.

೪. ಎಡತೋಳು, ಬಲತೋಳು

ಸಂಜೆ ರವಿಕೆಯ ಜೊತೆಗೆ ಹೊಸದಾಗಿ ಕೊಂಡ ಕೊಕ್ಕೆಯೊಂದನ್ನೂ ಚೀಲದಲ್ಲಿಟ್ಟುಕೊಂಡು ಕೊಯಿಲಕ್ಕೆ ಹೋದೆ. ಮದುಮಗಳು ರವಿಕೆ ತೊಟ್ಟು, ಕನ್ನಡಿ ನೋಡಿ, "ಚಂದ ಉಂಟು" ಎಂದಳು.

"ಬೆನ್ನಿನಲ್ಲಿ ಒಂದೇ ಒಂದು ಹೊಲಿಗೆ..." ಎಂದು ನಾನು ಚೀಲಕ್ಕೆ ಕೈ ಹಾಕಿದೆ. ಅವಳ ಮುಖ ಬಾಡಿತು.

"ಬೇಡ ಅಕ್ಕ! ನಾಳೆ ಧಾರೆ!"

ಧೈರ್ಯ ತುಂಬಲೆಂದು, ಮುಹೂರ್ತವನ್ನೇ ಕಾಯಿಸಿದ ಕಲ್ಲುಗುಂಡಿಯ ನನ್ನ ಅಜ್ಜನ ಕಥೆ ಹೇಳಿದೆ. ಚಾವಡಿಯಲ್ಲಿ ಕೂತಿದ್ದ ಅವಳ ಅಜ್ಜ ಬಿದ್ದು ಬಿದ್ದು ನಕ್ಕರು.

"ನೀನು ಆ ದರ್ಜಿಯ ಮೊಮ್ಮಗಳಾ? ಆ ಮದುಮಗ ನಾನೇ ಮಾರಾಯ್ತಿ! ಮುಹೂರ್ತ ಕಾಯುದುಂಟಾ? ಕಾಲರಿಗೆ ಒಂದು ಪಿನ್ನು ಚುಚ್ಚಿ, 'ಮೊದಲು ಧಾರೆ ಮುಗಿಸು, ಆಮೇಲೆ ತಾ, ಸರಿ ಮಾಡುವ' ಅಂದ್ರು ನಿನ್ನ ಅಜ್ಜ."

"ಆಮೇಲೆ ಕೊಟ್ರಾ?"

"ಮದುವೆ ಆದ ಮೇಲೆ ಕಾಲರ್ ನೋಡುವವರು ಯಾರು?"

ಪೆಟ್ಟಿಗೆಯಿಂದ ಅಂಗಿಯನ್ನು ತರಿಸಿದರು. ಪಿನ್ನು ತುಕ್ಕು ಹಿಡಿದು ಅಲ್ಲೇ ಇತ್ತು. ಅಷ್ಟು ವರ್ಷ ನನ್ನ ಹೆಗಲೇರಿ ಕೂತಿದ್ದ ಅಜ್ಜ ಆಗ ಮೆಲ್ಲನೆ ಇಳಿದಂತಾಯಿತು. ಕೊಕ್ಕೆಯನ್ನು ಮದುಮಗಳ ಕೈಗೇ ಕೊಟ್ಟುಬಿಟ್ಟೆ. ಅವಳು ಅದನ್ನು ಅಕ್ಕಿ ಡಬ್ಬಿಯ ತಳಕ್ಕೆ ತಳ್ಳಿ ಬಂದಳು.

ಅಳತೆಯ ಟೇಪು ಮಾತ್ರ ನನ್ನ ಕೊರಳಲ್ಲೇ ಇತ್ತು. ಹೊರಡುವ ಮೊದಲು ಆ ಅಂಗಿಯನ್ನು ಅಳೆದೆ. ನನ್ನ ಅಜ್ಜ ಹೊಲಿದ ಅಂಗಿಯ ಎಡತೋಳು ಬಲತೋಳಿಗಿಂತ ಮುಕ್ಕಾಲು ಇಂಚು ಉದ್ದ.

ಮೂರು ಸಲ ಅಳೆದೇ ಹೇಳುತ್ತಿದ್ದೇನೆ.