ಬೆಂಕಿ ಹೊರಗಿರುವ ಎಂಜಿನ್

ಫಿಟ್ಟರ್ ಆ ಫೋನನ್ನು ಎತ್ತದೆ ಇದ್ದಿದ್ದರೆ ಅವನ ಭಾನುವಾರವೂ ಎಲ್ಲರ ಭಾನುವಾರದಂತೆ ಹಾಯಾಗಿ ಕಳೆದುಹೋಗುತ್ತಿತ್ತು. ಎತ್ತಿದ. ಆ ಕಡೆ ಇದ್ದವರು ಅವನ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ. ಮೂವತ್ತು ವರ್ಷ ಬಾಯ್ಲರ್ ಇನ್‌ಸ್ಪೆಕ್ಟರ್ ಆಗಿದ್ದು, ಕಂಡಕಂಡ ಕಾರ್ಖಾನೆಗಳ ಬಾಯ್ಲರುಗಳನ್ನೆಲ್ಲ ಫೇಲು ಮಾಡಿ, ಈಗ ನಿವೃತ್ತರಾಗಿ ಬಂಧುಬಳಗವನ್ನು ಫೇಲು ಮಾಡುತ್ತ ಕಾಲ ಕಳೆಯುತ್ತಿದ್ದ ಮನುಷ್ಯ.

"ಭಾನುವಾರ ಸಂಜೆ ಐದಕ್ಕೆ ಆ ಕಡೆ ಬರ್ತೀನಪ್ಪ. ಅಂದಹಾಗೆ, ನಿನ್ನ ಆ ಎಂಜಿನ್ ಏನಾಯ್ತು? ಇನ್ನೂ ಗೊರಕೆ ಹೊಡೀತಾನೇ ಇದೆಯಾ?"

"ಬನ್ನಿ ಅಣ್ಣ, ಬನ್ನಿ! ಅದು ಹೊಲಿಗೆ ಮೆಷಿನ್ ಓಡಿಸೋದನ್ನ ನೀವೇ ಕಣ್ಣಾರೆ ನೋಡೋರಂತೆ!"

ಫೋನಿಟ್ಟ ಮೇಲೆ ಫಿಟ್ಟರ್ ನಾಲಿಗೆ ಕಚ್ಚಿಕೊಂಡ. ಏಕೆಂದರೆ ಆ ಎಂಜಿನ್ ಹುಟ್ಟಿದಾಗಿನಿಂದ ಒಟ್ಟು ಎರಡೂವರೆ ಸುತ್ತು ತಿರುಗಿತ್ತು. ಅದೂ ಒಮ್ಮೆ.

ಅವನ ಉದ್ದೇಶವೇನೋ ಒಳ್ಳೆಯದೇ. ಹೆಂಡತಿ ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಿದ್ದಳು. ಮೆಷಿನ್ ತುಳಿದು ತುಳಿದು ಅವಳ ಮೊಣಕಾಲು ಹಿಡಿದುಕೊಂಡಿತ್ತು. ಒಂದು ದಿನ ಅವಳು ಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದಾಗ ಫಿಟ್ಟರ್‌ನ ಕರುಳು ಚುರುಕ್ ಎಂದಿತು. "ಇನ್ನು ಮೇಲೆ ನೀನು ಮೆಷಿನ್ ತುಳಿಯೋ ಹಾಗಿಲ್ಲ ಕಣೇ. ಇದು ನನ್ನ ಮಾತು," ಎಂದು ಮಾತು ಕೊಟ್ಟ. ಅವಳು ಕರೆಂಟಿನ ಮೋಟಾರು ತರುತ್ತಾನೆಂದು ಕಾದಳು. ಅವನು ಹಳೇ ಸ್ಕೂಟರಿನ ಸಿಲಿಂಡರು, ಒಂದು ಸೈಕಲ್ ಚಕ್ರ, ಮಾರುದ್ದದ ಉಕ್ಕಿನ ಕೊಳವೆ ತಂದು ಬಚ್ಚಲುಮನೆಗೆ ನುಗ್ಗಿದ. ಮೂರು ತಿಂಗಳಾಯಿತು, ಮನೆಮಂದಿಯೆಲ್ಲ ಎದುರುಮನೆ ನರ್ಸಮ್ಮನ ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದರು.

"ಪೆಟ್ರೋಲ್ ಎಂಜಿನ್ನಿಗೆ ಬೆಂಕಿ ಹೊಟ್ಟೆಯೊಳಗೆ," ಎಂದು ಫಿಟ್ಟರ್ ಸಿಕ್ಕಸಿಕ್ಕವರಿಗೆಲ್ಲ ವಿವರಿಸುತ್ತಿದ್ದ. "ನಂದಕ್ಕೆ ಬೆಂಕಿ ಹೊರಗಡೆ. ಅಷ್ಟೇ ವ್ಯತ್ಯಾಸ. ಕೊಳವೆಯೊಳಗೆ ಬರೀ ಗಾಳಿ. ಒಂದು ತುದಿ ಒಲೆ ಮೇಲೆ, ಇನ್ನೊಂದು ತುದಿ ತಣ್ಣೀರಲ್ಲಿ. ಒಳಗೊಂದು ಡಬ್ಬಿ ಗಾಳೀನ ಆಚೆ ಈಚೆ ಓಡಿಸುತ್ತೆ. ಗಾಳಿ ಕಾದಾಗ ಹಿಗ್ಗಿ ಪಿಸ್ಟನ್ ನೂಕುತ್ತೆ, ತಣ್ಣಗಾದಾಗ ಕುಗ್ಗಿ ಎಳೆಯುತ್ತೆ. ಸದ್ದಿಲ್ಲ, ಹೊಗೆಯಿಲ್ಲ. ಉರಿಯೋದು ಏನಾದರೂ ಸರಿ!"

ಹೇಳುವಾಗ ಎಲ್ಲ ಸಲೀಸಾಗಿತ್ತು. ಮಾಡುವಾಗ ಮಾತ್ರ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೈಕೊಡುತ್ತಿತ್ತು. ಪಿಸ್ಟನ್ನಿಗೆ ಉಂಗುರ ಹಾಕಿದರೆ ಬಿಗಿಯಾಗಿ ಚಕ್ರ ಅಲ್ಲಾಡುತ್ತಿರಲಿಲ್ಲ. ತೆಗೆದರೆ ಗಾಳಿಯೆಲ್ಲ ಪುಸ್ಸೆಂದು ಸೋರಿಹೋಗುತ್ತಿತ್ತು. ಕೊಳವೆ ದಪ್ಪಗಿದ್ದರೆ ಶಾಖ ಒಳಗೆ ಹೋಗುತ್ತಿರಲಿಲ್ಲ, ತೆಳ್ಳಗಿದ್ದರೆ ಕೆಂಪಗೆ ಕಾದು ಸೊಟ್ಟಗಾಗುತ್ತಿತ್ತು. ಎಲ್ಲಕ್ಕಿಂತ ಕಷ್ಟದ್ದೆಂದರೆ, ಒಲೆಯ ಬಿಸಿ ಮೆಲ್ಲಗೆ ಕೊಳವೆಯುದ್ದಕ್ಕೂ ನಡೆದು ಬಂದು ತಣ್ಣನೆ ತುದಿಯನ್ನೂ ಕಾಯಿಸಿಬಿಡುತ್ತಿತ್ತು. ಎರಡೂ ಕಡೆ ಬಿಸಿಯಾದ ಮೇಲೆ ಗಾಳಿಗೆ ಕುಗ್ಗುವ ದರ್ದೇನು?

ಭಾನುವಾರ ಬೆಳಿಗ್ಗೆ ಹೆಂಡತಿ ತಿಂಡಿಯ ತಟ್ಟೆಯನ್ನು ಟಪ್ಪೆಂದು ಇಟ್ಟಳು.

"ಐದು ಗಂಟೆಗೆ ಭಾವ ಬರ್ತಾರೆ. ಐದೂವರೆಗೆ ಗುಜರಿಯವನಿಗೆ ಬರೋಕೆ ಹೇಳಿದೀನಿ."

"ಗುಜರಿಯವನು ಯಾಕೆ?"

"ಓಡಿದ್ರೆ ಬರಿಗೈಲಿ ವಾಪಸ್ ಕಳಿಸ್ತೀನಿ. ಓಡದಿದ್ರೆ ಒಂದು ಮೊಳೆ ಬಿಡದೆ ತುಂಬಿ ಕಳಿಸ್ತೀನಿ. ಭಾವ ಇನ್ನು ಹತ್ತು ವರ್ಷ ಎಲ್ಲರ ಮನೇಲೂ ಕೂತು ನಮ್ಮ ವಿಷಯ ಹೇಳ್ಕೊಂಡು ನಗೋದನ್ನ ನಾನು ಕೇಳಲಾರೆ ರೀ."

ಹತ್ತು ವರ್ಷ ನಗುವುದು ಹಾಗಿರಲಿ, ಮೂರು ತಿಂಗಳ ಬೆವರು ತಳ್ಳುಗಾಡಿ ಹತ್ತುವುದನ್ನು ಫಿಟ್ಟರ್ ಹೇಗೆ ತಾನೇ ನೋಡಿಯಾನು? ಅರ್ಧ ತಿಂಡಿ ಬಿಟ್ಟು ಬಚ್ಚಲುಮನೆಗೆ ಓಡಿ ಇದ್ದಿಲ ಒಲೆ ಹೊತ್ತಿಸಿದ.

ಹೊಗೆ ಕಂಡ ಕೂಡಲೇ ಮಹಡಿಯ ಹೆಡ್‌ಮಾಸ್ಟರು ಇಳಿದುಬಂದರು. ಶಾಲೆ ಬಿಟ್ಟು ಎಂಟು ವರ್ಷವಾಗಿದ್ದರೂ ಎಲ್ಲಿ ನಾಲ್ಕು ಜನ ಸೇರಿದರೂ ಅವರಿಗದು ತರಗತಿಯೇ.

"ಏನಯ್ಯಾ ಫಿಟ್ಟರ್, ಇದೇನು ಬೆಂಕೀನಾ ದೀಪಾನಾ? ಶಾಖ ಜಾಸ್ತಿ, ಶಕ್ತಿ ಜಾಸ್ತಿ. ಆರನೇ ಕ್ಲಾಸಿನ ಪಾಠ. ಕೊಡು ಇಲ್ಲಿ ಬೀಸಣಿಗೆ!"

"ಸಾರ್, ಜಾಸ್ತಿ ಕಾದರೆ ಆ ತುದೀನೂ..."

"ಮಧ್ಯ ಮಾತಾಡಬೇಡ."

ಹೆಡ್‌ಮಾಸ್ಟರು ಬೀಸಿದ ಬಿರುಸಿಗೆ ಕೊಳವೆಯ ತುದಿ ಕೆಂಡದ ಬಣ್ಣಕ್ಕೆ ತಿರುಗಿತು. ಫಿಟ್ಟರ್ ಚಕ್ರ ನೂಕಿದ. ಒಂದು ಸುತ್ತು, ಎರಡು ಸುತ್ತು, ಎರಡೂವರೆ. ನಿಂತಿತು. ತಣ್ಣನೆ ತುದಿಯಲ್ಲಿದ್ದ ತೊಟ್ಟಿಯ ನೀರು ಆಗಲೇ ಸ್ನಾನಕ್ಕೆ ಹದವಾಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ವಾಚ್ ರಿಪೇರಿಯವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಬಂದರು. ಇಡೀ ಎಂಜಿನ್ನನ್ನು ಇಂಚಿಂಚೂ ನೋಡಿ ತಲೆಯಾಡಿಸಿದರು.

"ಬೆಂಕಿ ಮಾತು ಬಿಡಿ ಮೇಷ್ಟ್ರೇ. ಪಿಸ್ಟನ್ನಲ್ಲಿ ಗಾಳಿ ಸೋರ್ತಾ ಇದೆ. ಬಿಗಿ ಮಾಡಬೇಕು."

"ಉಂಗುರ ಹಾಕಿದ್ರೆ ಹಿಡ್ಕೊಂಡುಬಿಡುತ್ತೆ ಸ್ವಾಮಿ," ಎಂದ ಫಿಟ್ಟರ್.

"ನಾನು ಕೂರಿಸಿದ್ದು ಹಿಡ್ಕೊಳ್ಳುತ್ತಾ? ಇಷ್ಟು ವರ್ಷದಲ್ಲಿ ಒಂದು ಗಡಿಯಾರಾನೂ ನನ್ನ ಹತ್ತಿರ ವಾಪಸ್ ಬಂದಿಲ್ಲ!"

ವಾಪಸ್ ತರದೆ ಜನ ಬೇರೆ ಅಂಗಡಿಗೆ ಹೋಗುತ್ತಿದ್ದರೆಂಬುದು ಬೇರೆ ಮಾತು. ಅವರು ಪಿಸ್ಟನ್ ಬಿಚ್ಚಿ, ಎರಡು ಉಂಗುರ ಕೂರಿಸಿ, ಕಡ್ಡಿಯ ತುದಿಯಿಂದ ಒಂದೇ ಒಂದು ಹನಿ ಎಣ್ಣೆ ಬಿಡುವ ಹೊತ್ತಿಗೆ ಗಂಟೆ ಎರಡಾಯಿತು. ಈಗ ಗಾಳಿ ಒಂದಿಷ್ಟೂ ಸೋರಲಿಲ್ಲ. ಚಕ್ರವೂ ಒಂದಿಷ್ಟೂ ತಿರುಗಲಿಲ್ಲ. ಕೈಯಿಂದ ನೂಕಿದರೆ ಒಂದು ಸುತ್ತು ಹಾಕಿ ಮುನಿಸಿಕೊಂಡ ಅತ್ತಿಗೆಯಂತೆ ಅಲ್ಲೇ ನಿಲ್ಲುತ್ತಿತ್ತು.

ಮೂರಕ್ಕೆ ಡ್ಯೂಟಿ ಮುಗಿಸಿ ಬಂದ ನರ್ಸಮ್ಮ ಸುದ್ದಿ ಕೇಳಿ ಸೀರೆ ಕೂಡ ಬದಲಾಯಿಸಲಿಲ್ಲ. ತನ್ನ ಬಚ್ಚಲು ತನಗೆ ವಾಪಸ್ ಸಿಗಬೇಕೆಂಬ ಆಸೆ ಆಕೆಗೆ ಎಲ್ಲರಿಗಿಂತ ಹೆಚ್ಚು. ತಣ್ಣನೆ ತುದಿಯನ್ನು ಮುಟ್ಟಿ ನೋಡಿ, "ಜ್ವರ ಬಂದಂಗಿದೆಯಲ್ರೀ. ಐಸ್ ಇಡಬೇಕು," ಎಂದಳು. ಸೋಡಾ ಅಂಗಡಿಯಿಂದ ಎರಡು ಗಟ್ಟಿ ಐಸ್ ಗಡ್ಡೆ ತರಿಸಿ ತೊಟ್ಟಿಗೆ ದಬದಬನೆ ಹಾಕಿದಳು.

ಫಿಟ್ಟರ್‌ನ ಎದೆಯಲ್ಲಿ ಸಣ್ಣ ಆಸೆ ಚಿಗುರಿತು. ಒಂದು ಕಡೆ ಕೆಂಡ, ಒಂದು ಕಡೆ ಐಸು. ಗಾಳಿ ಸೋರುತ್ತಿಲ್ಲ. ಇನ್ನೇನು ಬೇಕು! ಅದೇ ಗಳಿಗೆಯಲ್ಲಿ ಹೆಡ್‌ಮಾಸ್ಟರು ಬೀಸಣಿಗೆ ಎತ್ತಿ, "ಈಗ ನೋಡಿ ಶಾಖದ ಮಹಿಮೆ!" ಎಂದು ಒಂದು ಹೆಜ್ಜೆ ಹಿಂದಿಟ್ಟರು. ಅವರ ಕಾಲು ತೊಟ್ಟಿಗೆ ತಾಗಿತು. ತುಂಬಿದ್ದ ತೊಟ್ಟಿ ವಾಲಿ ಅರ್ಧ ನೀರು ನೇರವಾಗಿ ಒಲೆಯೊಳಗೆ ಹೋಯಿತು. ಭುಸ್ಸೆಂದು ಎದ್ದ ಬೂದಿಯಲ್ಲಿ ಒಬ್ಬರಿಗೊಬ್ಬರು ಕಾಣಿಸಲಿಲ್ಲ. ಬೂದಿ ಇಳಿದಾಗ ಇದ್ದಿಲೆಲ್ಲ ತೊಯ್ದು ಕೆಸರಾಗಿತ್ತು. ಐಸ್ ಗಡ್ಡೆಗಳು ಮಾತ್ರ ತೊಟ್ಟಿಯಲ್ಲಿ ತಣ್ಣಗೆ ಕುಳಿತಿದ್ದವು.

"ಬೆಂಕಿ ಇಡೋ ಜಾಗ ಸರಿಯಿಲ್ಲ," ಎಂದರು ಹೆಡ್‌ಮಾಸ್ಟರು.

ಗಂಟೆ ನಾಲ್ಕೂಮುಕ್ಕಾಲು. ಗುಜರಿಯವನು ಹೇಳಿದ್ದಕ್ಕಿಂತ ಮೊದಲೇ ಬಂದು ಗೇಟಿನ ಬಳಿ ತಳ್ಳುಗಾಡಿ ನಿಲ್ಲಿಸಿ ಬೀಡಿ ಹಚ್ಚಿದ್ದ. ಫಿಟ್ಟರ್ ತಲೆಯ ಮೇಲೆ ಕೈಹೊತ್ತು ಕುಳಿತ. ಬಾಗಿಲಲ್ಲಿ ಹೆಂಡತಿಯ ನೆರಳು ಕಂಡಿತು. ಅವಳು ಒಲೆ ನೋಡಿದಳು, ಗಂಡನ ಬೂದಿ ಹತ್ತಿದ ಮುಖ ನೋಡಿದಳು. ಬೈಯಲಿಲ್ಲ.

"ಬೆಲ್ಟ್ ಹಾಕಿಡಿ," ಎಂದಳು.

"ಇನ್ನು ಬೆಲ್ಟ್ ಹಾಕಿ ಏನು ಮಾಡ್ಲಿ?"

"ಹಾಕಿಡಿ ಅಂದ್ನಲ್ಲ."

ಬಚ್ಚಲ ಗೋಡೆಯ ಆಚೆಯೇ ಹೊಲಿಗೆ ಮೆಷಿನ್ನಿನ ಕೋಣೆ. ಎಂಜಿನ್ನಿನ ಚಕ್ರದಿಂದ ಮೆಷಿನ್ನಿನ ಚಕ್ರಕ್ಕೆ ಬೆಲ್ಟ್ ಹೋಗಲೆಂದು ಫಿಟ್ಟರ್ ಗೋಡೆಗೆ ತೂತು ಕೊರೆದು ಮೊದಲೇ ಬೈಸಿಕೊಂಡಿದ್ದ. ಕೊನೆಯ ಸಲ ಅಣಕಿಸುತ್ತಿದ್ದಾಳೆ ಎಂದುಕೊಂಡು ಬೆಲ್ಟ್ ಸಿಕ್ಕಿಸಿದ.

ಸರಿಯಾಗಿ ಐದಕ್ಕೆ ಷಡ್ಡಕರು ಬಂದರು. ಬಗಲಲ್ಲಿ ಕೊಡೆ, ಮುಖದಲ್ಲಿ ಆಗಲೇ ಅರ್ಧ ನಗು.

"ಎಲ್ಲಪ್ಪ ನಿನ್ನ ರಥ?"

ಫಿಟ್ಟರ್ ಕಣ್ಣು ಮುಚ್ಚಿ, ಇದ್ದಬದ್ದ ದೇವರನ್ನೆಲ್ಲ ನೆನೆದು ಚಕ್ರ ನೂಕಿದ. ಒಂದು ಸುತ್ತು. ಎರಡು. ಎರಡೂವರೆ. ಮೂರು! ಕಣ್ಣು ಬಿಟ್ಟ. ನಾಲ್ಕು, ಐದು, ಹತ್ತು! ಚಕ್ರ ಗಿರಗಿರನೆ ತಿರುಗತೊಡಗಿತು. ಗೋಡೆಯಾಚೆ ಹೊಲಿಗೆ ಮೆಷಿನ್ ಟಕಟಕ ಟಕಟಕ ಎಂದು ಹಾಡತೊಡಗಿತು.

"ಹೊಲೀತಾ ಇದೆ! ಹೊಲೀತಾ ಇದೆ!" ಎಂದು ನರ್ಸಮ್ಮ ಕೂಗಿದಳು. ವಾಚ್ ರಿಪೇರಿಯವರು, "ನಾನು ಬಿಟ್ಟ ಎಣ್ಣೆ!" ಎಂದರು. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಸಂತೋಷದಲ್ಲಿ ಫಿಟ್ಟರ್‌ನ ಕಣ್ಣಲ್ಲಿ ನೀರು ತುಂಬಿತು. ಮೂರು ತಿಂಗಳು, ಕೈತುಂಬ ಸುಟ್ಟ ಗಾಯ, ಕೊನೆಗೂ ಫಲ ಕೊಟ್ಟಿತು ಎಂದು ಎದೆ ಉಬ್ಬಿತು.

ಷಡ್ಡಕರು ಮಾತ್ರ ಬಗ್ಗಿ ಒಲೆ ನೋಡಿದರು. "ಬೆಂಕಿ ಆರಿದೆಯಲ್ಲಪ್ಪ?"

"ಉಳಿದಿರೋ ಶಾಖ ಸ್ವಾಮಿ," ಎಂದರು ಹೆಡ್‌ಮಾಸ್ಟರು. "ನಾನು ಬೆಳಿಗ್ಗೆಯಿಂದ ಬೀಸಿದ್ದು."

"ಹೂಂ." ಷಡ್ಡಕರು ಜೇಬಿನಿಂದ ಗಡಿಯಾರ ತೆಗೆದರು. "ಅರ್ಧ ಗಂಟೆ ನಿಲ್ಲದೆ ಓಡಲಿ. ಆಮೇಲೆ ಒಪ್ತೀನಿ. ಬಾಯ್ಲರ್ ಆದರೂ ನಮ್ಮ ನಿಯಮ ಅಷ್ಟೇ."

ಹತ್ತು ನಿಮಿಷ ಕಳೆಯಿತು. ಎಂಜಿನ್ ಓಡುತ್ತಲೇ ಇತ್ತು. ಪ್ರೀತಿ ಉಕ್ಕಿ ಫಿಟ್ಟರ್ ಕೊಳವೆಯ ಒಲೆಕಡೆಯ ತುದಿಯನ್ನು ಸುಡದ ಹಾಗೆ ಬೆರಳ ತುದಿಯಲ್ಲಿ ಮುಟ್ಟಿ ನೋಡಿದ. ಮುಟ್ಟಿದವನೇ ಬೆಚ್ಚಿಬಿದ್ದ. ಕೆಂಡದಂತೆ ಇರಬೇಕಾದ ತುದಿ ತಣ್ಣಗೆ ಕೊರೆಯುತ್ತಿತ್ತು! ಅದರ ಮೇಲೆ ಸಣ್ಣಸಣ್ಣ ನೀರಹನಿ ಕೂಡ ಕೂತಿತ್ತು.

ಫಿಟ್ಟರ್ ಕಸುಬು ಬಲ್ಲವನು. ಈ ಎಂಜಿನ್ನಿಗೆ ಬಿಸಿ ಕೊಟ್ಟರೆ ಚಕ್ರ ತಿರುಗುತ್ತದೆ. ಚಕ್ರವನ್ನೇ ಯಾರಾದರೂ ತಿರುಗಿಸಿದರೆ ಅದು ಬಿಸಿ ತುದಿಯ ಶಾಖವನ್ನೆಲ್ಲ ಎಳೆದು ನೀರಿನ ತುದಿಗೆ ಸುರಿದು, ಈ ತುದಿಯನ್ನು ತಣ್ಣಗಾಗಿಸುತ್ತದೆ. ಹಾಗಾದರೆ ಯಾರೋ...

"ಒಂದು ನಿಮಿಷ ಬಂದೆ," ಎಂದು ಅವನು ಗೋಡೆ ಸುತ್ತಿ ಕೋಣೆಗೆ ಓಡಿದ.

ಹೆಂಡತಿ ಸೆರಗು ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ, ಬೆವರು ಸುರಿಸುತ್ತ ಮೆಷಿನ್ ತುಳಿಯುತ್ತಿದ್ದಳು. ಬಟ್ಟೆಯಿಲ್ಲದೆ ಬರೀ ಮೆಷಿನ್ ಓಡಿದರೆ ಸದ್ದು ಬೇರೆಯಾಗಿ ಯಾರಾದರೂ ಬಂದು ಇಣುಕಿಯಾರೆಂದು ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಹೊಲಿದಿದ್ದಳು. ಕಿಟಕಿ ಪರದೆ, ದಿಂಬಿನ ಚೀಲ, ಫಿಟ್ಟರ್‌ನ ಒಂದು ಪ್ಯಾಂಟು ಎಲ್ಲವೂ ಸಾಲಾಗಿ ಒಂದಕ್ಕೊಂದು ಅಂಟಿಕೊಂಡು ನೆಲದವರೆಗೆ ಇಳಿದಿದ್ದವು.

"ನೀನಾ?" ಎಂದ ಫಿಟ್ಟರ್ ಪಿಸುಗುಟ್ಟುತ್ತ.

"ಮತ್ತೆ? ಎಂಜಿನ್ ಮೆಷಿನ್ ಓಡಿಸದಿದ್ರೆ ಮೆಷಿನ್ ಎಂಜಿನ್ ಓಡಿಸಬಾರದಾ? ಬೆಲ್ಟಿಗೇನು ಗೊತ್ತಾಗುತ್ತೆ?"

"ನಿನ್ನ ಮೊಣಕಾಲು..."

"ಮೊಣಕಾಲು ಹಾಳಾಗ್ಲಿ. ಭಾವ ನಿಮ್ಮನ್ನ ನೋಡಿ ನಗೋದನ್ನ ನಾನು ನೋಡಲಾ? ನಿಮ್ಮನ್ನ ಬೈಯೋದಿದ್ರೆ ನಾನು ಬೈಬೇಕು. ಇನ್ನೆಷ್ಟು ಹೊತ್ತು ರೀ?"

"ಇಪ್ಪತ್ತು ನಿಮಿಷ."

"ಅಯ್ಯೋ!"

ಫಿಟ್ಟರ್‌ಗೆ ನಾಚಿಕೆ, ಅದರ ಬೆನ್ನಿಗೇ ಹೇಳಲಾರದಷ್ಟು ಪ್ರೀತಿ, ಎರಡೂ ಒಟ್ಟಿಗೇ ಬಂದವು. ಅವಳ ಪಕ್ಕ ಸ್ಟೂಲಿನ ತುದಿಗೆ ಕೂತ. ಅವಳು ಒಂದು ಕಾಲು ತೆಗೆದಳು, ಅವನು ಒಂದು ಕಾಲಿಟ್ಟ. ಅವಳು ಇನ್ನೊಂದು ತೆಗೆದಳು. ಟಕಟಕ ಒಂದು ಕ್ಷಣವೂ ತಪ್ಪಲಿಲ್ಲ.

ಹದಿನೈದು ನಿಮಿಷ ತುಳಿಯುವಷ್ಟರಲ್ಲಿ ಫಿಟ್ಟರ್‌ನ ನಾಲಿಗೆ ಹೊರಬಂದಿತ್ತು. ಅಷ್ಟರಲ್ಲಿ ಬಚ್ಚಲುಮನೆಯಿಂದ ನರ್ಸಮ್ಮನ ದನಿ ಕೇಳಿಸಿತು. "ಅಯ್ಯೋ, ಈ ತುದಿ ಎಷ್ಟು ತಣ್ಣಗಿದೆ ನೋಡಿ! ಆ ಕುಡಿಯೋ ನೀರಿನ ಲೋಟ ಇಲ್ಲಿಡಿ ಮೇಷ್ಟ್ರೇ!" ಬಳಿಕ ಗುಟುಕು ಗುಟುಕಾಗಿ ನೀರು ಕುಡಿಯುವ ಸದ್ದು, ಹಾ ಎಂಬ ನಿಟ್ಟುಸಿರು, ಮತ್ತೊಂದು ಲೋಟ ಇಡುವ ಸದ್ದು.

ಬಾಗಿಲು ತೆರೆಯಿತು. ಕೈಯಲ್ಲಿ ತಣ್ಣೀರಿನ ಲೋಟ ಹಿಡಿದು ಷಡ್ಡಕರು ನಿಂತಿದ್ದರು. ಬೆವರುತ್ತಿದ್ದ ಫಿಟ್ಟರನ್ನು, ಅವನ ಕಾಲನ್ನು, ಪರದೆಗೆ ಸೇರಿಕೊಂಡ ಪ್ಯಾಂಟನ್ನು ಬಾಯ್ಲರ್ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದರು.

"ಅಣ್ಣ, ಅದು..." ಎಂದು ತೊದಲಿ ಫಿಟ್ಟರ್ ಕಾಲು ನಿಲ್ಲಿಸಹೋದ.

"ನಿಲ್ಲಿಸಬೇಡ! ಇನ್ನೂ ಐದು ನಿಮಿಷ ಇದೆ." ಷಡ್ಡಕರು ಒಂದು ಗುಟುಕು ಕುಡಿದರು. "ತಣ್ಣಗಿರೋ ತುದಿ ಮುಟ್ಟಿದಾಗಲೇ ಗೊತ್ತಾಯ್ತು. ಇರಲಿ, ನಿನ್ನ ಎಂಜಿನ್ನಿನಲ್ಲಿ ತಪ್ಪು ಹುಡುಕೋ ಹಾಗಿಲ್ಲಪ್ಪ. ಅಡುಗೆಮನೆಯಲ್ಲಿ ಒಲೆ ಉರೀತು. ಅಡುಗೆ ಆಯ್ತು, ನೀನು ಉಂಡೆ. ಈಗ ನೀನೇ ಎಂಜಿನ್ನಾಗಿ ಓಡ್ತಾ ಇದೀಯ. ಬೆಂಕಿ ಹೊರಗಡೆ, ಹೊಟ್ಟೆಯೊಳಗಲ್ಲ. ನೀನು ಊರಿಗೆಲ್ಲ ಹೇಳ್ಕೊಂಡು ಬಂದಿದ್ದು ಇದೇ ತಾನೇ? ಪಾಸು!"

ಮೂವತ್ತು ವರ್ಷದಲ್ಲಿ ಅವರು ಪಾಸು ಮಾಡಿದ ಮೊದಲ ಯಂತ್ರ ಅದೇ ಇರಬೇಕು. ಗುಜರಿಯವನು ಒಂದು ಲೋಟ ತಣ್ಣೀರು ಕುಡಿದು ಬರಿಗೈಲಿ ಹೊರಟುಹೋದ. ನರ್ಸಮ್ಮ ಬಚ್ಚಲ ಆಸೆ ಬಿಟ್ಟು ಮನೆಯಿಂದ ದೊಡ್ಡ ಹೂಜಿ ತರಲು ಓಡಿದಳು. ಬೇಸಗೆ ಮುಗಿಯುವವರೆಗೂ ಎಂಜಿನ್ ಬಿಚ್ಚಕೂಡದೆಂದು ಹೆಡ್‌ಮಾಸ್ಟರು ತೀರ್ಪು ಕೊಟ್ಟರು.

ಹೆಂಡತಿ ಗೋಡೆಗೊರಗಿ ಕಾಲು ನೀಡಿ ಕೂತಳು. ಮೊಣಕಾಲು ನೀವಿಕೊಳ್ಳುತ್ತ, ಹೊಲಿಯಬೇಕಾದ ಬಟ್ಟೆಯ ಗಂಟನ್ನು ಫಿಟ್ಟರ್‌ನ ಕಡೆಗೆ ಮೆಲ್ಲಗೆ ಸರಿಸಿದಳು.

"ಅಂತೂ ಮಾತು ಉಳಿಸ್ಕೊಂಡ್ರಿ ಕಣ್ರೀ," ಎಂದಳು. "ಇನ್ನು ನಾನು ಮೆಷಿನ್ ತುಳಿಯೋ ಹಾಗಿಲ್ಲ."