ನೆರೆಯವರು ಹೊಗಳಿದರೆ

ಒಬ್ಬ ಮನುಷ್ಯನ ಬಗ್ಗೆ ತಿಳಿಯಬೇಕಾದರೆ ಅವನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಬೇಕು. ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ನಾನು ಕಲಿತದ್ದು ಇಷ್ಟೇ. ನಿವೃತ್ತನಾಗಿ, ಹೆಂಡತಿ ಸುಧಾಳ ಕಾಲೇಜಿನ ಕೆಲಸದ ಹಿಂದೆ ಕಡಲಾಚೆಯ ಸುಬಾಂಗ್ ಜಯಾಕ್ಕೆ ಬಂದ ಮೇಲೂ ಹಳೆಯ ಚಟ ಬಿಟ್ಟಿಲ್ಲ. ನಮ್ಮ ಬೀದಿಯಲ್ಲಿ ಯಾರ ಕಾರು ಯಾರ ಗೇಟಿಗೆ ಎಷ್ಟು ಹೊತ್ತು ಅಡ್ಡ ನಿಂತಿತ್ತು, ಯಾರ ಮನೆಯ ಕಸದ ಚೀಲವನ್ನು ಬೆಕ್ಕು ಹರಿಯಿತು ಎಂಬುದನ್ನೆಲ್ಲ ವೇಳೆ ಸಹಿತ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ನಿವಾಸಿಗಳ ಸಭೆಯಲ್ಲಿ ಓದಿಯೂ ಹೇಳುತ್ತೇನೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹಮೀದ್ ಅವರು ಅಷ್ಟು ಹೊತ್ತೂ ಕಣ್ಣು ಮುಚ್ಚಿ, ತಲೆ ತಗ್ಗಿಸಿ ಕೇಳುತ್ತಾರೆ. ಅದು ಏಕಾಗ್ರತೆ ಎಂದುಕೊಂಡಿದ್ದೆ.

ಇಂಥ ನನ್ನನ್ನು ಭಟ್ಕಳದ ಎಂಜಿನಿಯರ್ ನಸೀರ್ ಸಾಹೇಬರು ಒಂದು ಭಾನುವಾರ ಮಾಮಕ್ ಅಂಗಡಿಗೆ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿಗೆ, ಕರೆದು, ಚಹಾ ಕುಡಿಸಿ, ಕೆಲಸಕ್ಕೆ ಹಚ್ಚಿದರು. ಪಹಾಂಗ್ ಕಡೆ, ಕಾರಿನಲ್ಲಿ ಒಂದು ಗಂಟೆ ದೂರದ ಬೆಟ್ಟದ ಬುಡದಲ್ಲಿ ಒಂದು ಹಳೆಯ ದುರಿಯನ್ ತೋಟವಿದೆ, ಹಲಸಿನಂಥ ಮುಳ್ಳುಹಣ್ಣಿನದು. ಅಲ್ಲಿ ಎಂಟು ಸಣ್ಣ ಮನೆ, ಎಲ್ಲರಿಗೂ ಸೇರಿ ಒಂದು ದೊಡ್ಡ ಅಡುಗೆಮನೆ, ಒಂದು ತರಕಾರಿ ತೋಟ. ಎಂಟು ಕುಟುಂಬಗಳು ಕೂಡಿ ಬಾಳುವುದು. ಆರು ಕುಟುಂಬಗಳು ಆಗಲೇ ಒಪ್ಪಿದ್ದವು. ಮಾಂಸದ ಒಲೆ, ಸಸ್ಯಾಹಾರದ ಒಲೆ ಬೇರೆಬೇರೆ ಎಂದು ಹತ್ತೇ ನಿಮಿಷದಲ್ಲಿ ತೀರ್ಮಾನವಾಗಿತ್ತು. ಸಾರಿಗೆ ಬೆಲ್ಲ ಹಾಕಬೇಕೇ ಎಂಬುದು ಇನ್ನೂ ಚರ್ಚೆಯಲ್ಲಿದೆ. ದುರಿಯನ್ ಸುಗ್ಗಿ ಮುಗಿಯುವುದರೊಳಗೆ ಎಂಟು ಭರ್ತಿಯಾಗದಿದ್ದರೆ ತೋಟದ ಒಡೆಯ ಲಿಮ್ ಅಜ್ಜ ಜಾಗವನ್ನು ರೆಸಾರ್ಟಿನವರಿಗೆ ಕೊಡುತ್ತಾರೆ. "ನೀವು ಪೇಪರಿನವರು ಮಾರಾಯ್ರೆ, ಮನುಷ್ಯರನ್ನ ನೋಡಿದ ಕೂಡ್ಲೆ ಗೊತ್ತಾಗ್ತದೆ ನಿಮ್ಗೆ. ಉಳಿದ ಎರಡು ಮನೆಗೆ ಜನ ಹುಡುಕಿ ಕೊಡಿ," ಎಂದರು ಸಾಹೇಬರು. ಎರಡಲ್ಲ, ಒಂದೇ. ಎಂಟನೆಯದರ ಕಿಟಕಿಗಳಿಗೆ ನಾನೂ ಸುಧಾಳೂ ಮನಸ್ಸಿನಲ್ಲೇ ಪರದೆ ಕಟ್ಟಿಯಾಗಿತ್ತು.

ನಾನು ಒಂದು ನಿಯಮ ಬರೆದೆ: ಅರ್ಜಿ ಹಾಕಿದವರ ಮಾತು ನಂಬಬಾರದು, ಅವರ ಈಗಿನ ನೆರೆಯವರನ್ನು ಕೇಳಬೇಕು. ಎಲ್ಲರೂ ಭೇಷ್ ಎಂದರು. ಮೊದಲ ಅರ್ಜಿ ಪುತ್ರಜಯಾದ ಗಿರೀಶರದು, ಮೈಸೂರಿನವರು, ಸಾಫ್ಟ್‌ವೇರ್. ಅವರ ಕೆಳಗಿನ ಮನೆಯಾತ ನನ್ನ ಪ್ರಶ್ನೆ ಮುಗಿಯುವ ಮೊದಲೇ, "ಬಹಳ ಒಳ್ಳೆ ಮನುಷ್ಯ. ತಗೊಳ್ಳಿ," ಎಂದ. ಎದುರುಮನೆಯಾಕೆ, "ದೇವರಂಥವರು. ಈ ತಿಂಗಳೇ ಹೋಗ್ತಾರಾ?" ಎಂದು ಕೇಳಿದಳು. ಎರಡು ಮೂಲಗಳಿಂದ ಖಚಿತವಾದ ಸುದ್ದಿ. ಗಿರೀಶರನ್ನು ಎರಡು ದಿನದ ಪರೀಕ್ಷಾ ವಾಸಕ್ಕೆ ತೋಟಕ್ಕೆ ಕರೆದೆವು. ಬರುವಾಗಲೇ ಲ್ಯಾಮಿನೇಟ್ ಮಾಡಿಸಿದ ಫಲಕಗಳ ಒಂದು ಕಟ್ಟು ತಂದಿದ್ದರು. ಮೊದಲ ಸಂಜೆಯೊಳಗೆ ಸಿಂಕಿನ ಮೇಲೆ 'ಸ್ಪಂಜು ಹಿಂಡಿಡಿ', ಅಕ್ಕಿ ಡಬ್ಬದ ಮೇಲೆ 'ಲೋಟ ಒಳಗೆ ಬಿಡಬೇಡಿ', ದುರಿಯನ್ ಮರದ ಮೇಲೆ 'ಕೆಳಗೆ ನಿಲ್ಲಬೇಡಿ' ಎಂದು ಅಂಟಿಸಿದರು. ಕೊನೆಯದು ಅಗತ್ಯವಿತ್ತೆಂದು ಒಪ್ಪುತ್ತೇನೆ. ಮರುದಿನ ನಮ್ಮ ಶಿಸ್ತು ಸಾಲದೆಂದು ಅವರೇ ನಮ್ಮನ್ನು ತಿರಸ್ಕರಿಸಿ ಹೊರಟುಹೋದರು.

ಎರಡನೆಯದು ಬ್ರಿಕ್‌ಫೀಲ್ಡ್ಸಿನಲ್ಲಿರುವ ಹುಬ್ಬಳ್ಳಿಯ ಡಾಕ್ಟರ್ ಶಹನಾಜ್ ಅವರದು. ಅವರ ಪಕ್ಕದ ಮನೆಯ ತಮಿಳು ಅಜ್ಜಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಆ ಹುಡುಗಿ ಬೇಡ ಸಾರ್. ಹೊತ್ತು ಗೊತ್ತಿಲ್ಲದ ಕೆಲಸ. ಮಕ್ಕಳು ಬಾಯಿಬಡುಕರು. ಅಡುಗೆಗೆ ಉಪ್ಪೇ ಇರಲ್ಲ," ಎಂದು ದೂರಿದರು. ಬರೆದುಕೊಂಡೆ. ಮೆಟ್ಟಿಲಿಳಿಯುವಾಗ ಒಳಗಿನಿಂದ ಮಗುವೊಂದು, "ಪಾಟಿ, ಇನ್ನೂ ರಸಂ!" ಎಂದು ಕೂಗಿತು. ತಿರುಗಿ ನೋಡಿದೆ. ಅಜ್ಜಿಯ ಚಾಪೆಯ ಮೇಲೆ ಶಹನಾಜರ ಇಬ್ಬರು ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಅಜ್ಜಿಯ ಸೆರಗಿನ ತುದಿಗೆ ಶಹನಾಜರ ಮನೆಯ ಬೀಗದ ಕೈ ಗಂಟು ಹಾಕಿತ್ತು. ಸುದ್ದಿ ಕೊಟ್ಟವನಿಗೆ ಅದರಿಂದ ಏನು ಲಾಭ ಎಂದು ಮೊದಲು ಕೇಳಬೇಕು ಎಂಬ ಪಾಠ ಮೂವತ್ತು ವರ್ಷ ಬೇರೆಯವರಿಗೆ ಹೇಳಿಕೊಟ್ಟವನು ನಾನು. "ಪಾಟಿ, ಅವರು ಹೋಗೋದು ನಿಮಗೆ ಬೇಡ, ಅಲ್ವಾ?" ಎಂದೆ. ಅಜ್ಜಿ ರಸಂ ಬಡಿಸಲು ಒಳಗೆ ಹೋದರು. ಏಳನೆಯ ಮನೆ ಶಹನಾಜರಿಗೆ ಆಯಿತು. ಅಜ್ಜಿಗೂ ಅದರಲ್ಲೇ ಒಂದು ಕೋಣೆ.

ನಾನು ನಿಯಮವನ್ನು ತಿದ್ದಿದೆ: ನೆರೆಯವರು ಹೊಗಳಿದರೆ ಕೈಬಿಡಿ, ತೆಗಳಿದರೆ ಕರೆದುಕೊಳ್ಳಿ. ಸಭೆ ಚಪ್ಪಾಳೆ ತಟ್ಟಿತು. ಆ ಹುಮ್ಮಸ್ಸಿನಲ್ಲೇ ಎಂಟನೆಯ ಮನೆಗೆ ನಮ್ಮ ಅರ್ಜಿ ಕೊಟ್ಟೆ. ನನ್ನ ವಿಚಾರಣೆ ನಾನೇ ಮಾಡುವಂತಿಲ್ಲವಲ್ಲ, ನಸೀರ್ ಸಾಹೇಬರು ಹಮೀದ್ ಮೇಷ್ಟ್ರಲ್ಲಿಗೆ ಹೋದರು. ಮರುದಿನ ಅದೇ ಮಾಮಕ್ ಅಂಗಡಿಯಲ್ಲಿ ನನಗೂ ಸುಧಾಳಿಗೂ ಸಿಕ್ಕಾಗ ಸಾಹೇಬರು ಚಹಾದ ಲೋಟವನ್ನೇ ನೋಡುತ್ತ ಕೂತಿದ್ದರು.

"ಏನಂದ್ರು?" ಎಂದೆ.

"ಹೊಗಳಿದ್ರು ಮಾರಾಯ್ರೆ," ಎಂದರು ಮೆಲ್ಲಗೆ. "ಅರ್ಧ ಗಂಟೆ. ಬೀದಿಯವರೆಲ್ಲ ಬಂದು ಸೇರಿ ಹೊಗಳಿದ್ರು. ಮೇಷ್ಟ್ರ ಅಳಿಯನದ್ದು ಲಾರಿ ಉಂಟಂತೆ, ಬಾಡಿಗೆ ಬೇಡವಂತೆ."

ಸುಗ್ಗಿ ಮುಗಿಯಲು ಒಂದು ವಾರವಿತ್ತು. ನನ್ನ ನಿಯಮ, ನನ್ನದೇ ಅಕ್ಷರದಲ್ಲಿ, ಅವರ ಜೇಬಿನಲ್ಲಿತ್ತು. ಸುಧಾಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಆದ್ರೆ ಅಕ್ಕನ ವಿಷ್ಯ ಬೇರೆ," ಎಂದರು ಸಾಹೇಬರು ಸುಧಾಳ ಕಡೆ ತಿರುಗಿ. "ಮೇಷ್ಟ್ರ ಹೆಂಡ್ತಿ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದ್ರು. ಸೋಮಾರಿಯಂತೆ, ಜಗಳಗಂಟಿಯಂತೆ, ನಿಮ್ಮ ಇಡ್ಲಿ ಕಲ್ಲಂತೆ. ಹೇಳ್ತಾ ಹೇಳ್ತಾ ಕಣ್ಣೊರೆಸಿಕೊಂಡ್ರು."

ಎಂಟನೆಯ ಮನೆ ಸುಧಾಳ ಹೆಸರಿಗೆ ಮಂಜೂರಾಯಿತು. ನಿರ್ಣಯ ಪುಸ್ತಕದಲ್ಲಿ ನನ್ನನ್ನು 'ಜೊತೆಗೆ ಬರುವವರು' ಎಂದು ದಾಖಲಿಸಿದ್ದಾರೆ, ವಸ್ತುನಿಷ್ಠವಾಗಿದೆ, ತಿದ್ದಲಿಲ್ಲ. ಹೊರಡುವ ದಿನ ಬೀದಿಯವರೆಲ್ಲ ಬಂದು ಸುಧಾಳ ಕೈ ಹಿಡಿದುಕೊಂಡು ನಿಂತರೆ, ನನ್ನ ಪೆಟ್ಟಿಗೆಗಳನ್ನು ಹಮೀದ್ ಮೇಷ್ಟ್ರು ಆ ವಯಸ್ಸಿನಲ್ಲೂ ತಾವೇ ಹೊತ್ತು ತಂದು ಲಾರಿಗೇರಿಸಿದರು. ಲಾರಿ ಹೇಳಿದ ವೇಳೆಗಿಂತ ಎರಡು ಗಂಟೆ ಮೊದಲೇ ಬಂದು ನಮ್ಮ ಗೇಟಿಗೆ ಅಡ್ಡ ನಿಂತಿತ್ತು. ಬರೆದುಕೊಂಡಿದ್ದೇನೆ.